ಎದ್ದು ನಿಂತು ಕಲಿತ ಇಂಗ್ಲಿಷ್

ನನ್ನ ಹಾಸ್ಟೆಲ್ ರೂಮಿನವಳಿಗೆ ಒಂದು ಅಭ್ಯಾಸ. ಫೋನಿನಲ್ಲಿ ಚಾಟ್‌ಬಾಟ್ ಪ್ರಶ್ನೆ ಕೇಳಿದ ತಕ್ಷಣ ಮಂಚದಿಂದಿಳಿದು, ದುಪಟ್ಟಾ ಸರಿಮಾಡಿಕೊಂಡು ಎದ್ದು ನಿಲ್ಲುತ್ತಾಳೆ. ಟೀಚರ್ ಟ್ರೈನಿಂಗಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಆಗ ನಕ್ಕುಬಿಡುತ್ತೇವೆ, ಚುಚ್ಚುವುದು ಆಮೇಲೆ.

೧

ಅವಳು ತಮಿಳುನಾಡಿನ ನಂಗವಳ್ಳಿ ಕಡೆಯವಳು. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು. ಇಂಗ್ಲಿಷಿನಲ್ಲಿ ಡೆಮೊ ಪಾಠ ಮಾಡಿ ಪಾಸಾಗದಿದ್ದರೆ ಇನ್ನೊಂದು ವರ್ಷ ಇಲ್ಲೇ. ಬಂದ ದಿನವೇ ಕೇಳಿದ್ದಳು: "ಅಕ್ಕಾ, ನೀನು ಇಂಗ್ಲಿಷ್ ಮೀಡಿಯಂ ಅಲ್ವಾ, ದಿನಾ ನಂಜೊತೆ ಒಸಿ ಮಾತಾಡು."

ನಾನು ಯಾವ ಭಾಷೆಯಲ್ಲೂ ಹೆಚ್ಚು ಮಾತಾಡುವವಳಲ್ಲ. ಅವಳ ಫೋನಿಗೆ ಚಾಟ್‌ಬಾಟ್ ಹಾಕಿಕೊಟ್ಟು ತಪ್ಪಿಸಿಕೊಂಡೆ.

"ಕೂತ್ಕೊಂಡೇ ಮಾತಾಡೇ" ಅಂದರೆ, "ಪಾಠ ಹೇಳೋ ವಾದ್ಯಾರು ಕೇಳ್ತಾ ಅವ್ರೆ, ಕೂತ್ಕೋತಾರಾ? ಓಗಕ್ಕಾ!"

ಅವಳು ನಿಂತಿರುವಾಗ ಮಲಗಿರಲು ಸಂಕೋಚವಾಗಿ ನಾನೂ ಎದ್ದು ಕೂರುತ್ತಿದ್ದೆ.

೨

ಒಂದು ಭಾನುವಾರ ಅವಳ ಅಮ್ಮ ಬಂದರು. ಮಗಳಿಗೆ ಇಂಗ್ಲಿಷ್ ಹೇಳಿಕೊಡುವ 'ಸಾರ್' ಫೋನಿನಲ್ಲಿದ್ದಾರೆಂದು ತಿಳಿದು, ಸೆರಗು ಹೊದ್ದು ಫೋನಿಗೆ ಬಗ್ಗಿದರು.

"ಸಾರ್, ನಮ್ಮುಡ್ಗಿ ಎಂಗೆ ಓದ್ತಾಳೆ? ಓದ್ಲಿಲ್ಲ ಅಂದ್ರೆ ಒಡೀರಿ. ಕಣ್ಣೊಂದು ಬುಟ್ಟು ಎಲ್ ಬೇಕಾದ್ರೂ ಒಡೀರಿ!"

ಅದು ಇಂಗ್ಲಿಷಿನಲ್ಲಿ ಏನೋ ಅಂದಿತು. "ಏನಂದ್ರಮ್ಮಾ?" ಅಂತ ನನ್ನ ಕಡೆ ತಿರುಗಿದರು. 'ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ' ಅಂದಿತ್ತು ಅದು. ನಾನು, "ಚೆನ್ನಾಗಿ ಓದ್ತಾಳಂತೆ" ಅಂದುಬಿಟ್ಟೆ.

ಮುಂದಿನ ವಾರ 'ಸಾರ್'ಗೆಂದು ಊರಿಂದ ಒಂದು ಚೀಲ ಕಡಲೆಕಾಯಿ ಬಂತು. ಸಾರ್ ಪರವಾಗಿ ನಾನೇ ತಿಂದೆ.

೩

ಡೆಮೊ ದಿನ. ಎರಡನೇ ಕ್ಲಾಸಿನ ಮಕ್ಕಳು, ಹಿಂದಿನ ಬೆಂಚಿನಲ್ಲಿ ಇಬ್ಬರು ಪರೀಕ್ಷಕರು. ಇವಳು ಚೆನ್ನಾಗಿಯೇ ಶುರುಮಾಡಿದಳು. ಮಕ್ಕಳು ಏನು ಹೇಳಿದರೂ, ಸರಿಯೋ ತಪ್ಪೋ, "ಎಕ್ಸಲೆಂಟ್!" ಅವಳು ಕಂಡಿದ್ದ ಇಂಗ್ಲಿಷ್ ಮೇಷ್ಟ್ರು ಫೋನಿನದೊಂದೇ ತಾನೆ, ಅದು ಹಾಗೇ ಹೇಳುತ್ತಿತ್ತು.

ಅಷ್ಟರಲ್ಲಿ ಮುಂದೆ ಕೂತಿದ್ದ ಒಂದು ಮಗು ಕಿರುಬೆರಳೆತ್ತಿ, ಕಾಲು ಜೋಡಿಸಿಕೊಂಡು, "ಮಿಸ್, ಅರ್ಜೆಂಟ್!" ಅಂದಿತು.

ಇವಳು ಮುಖವರಳಿಸಿ, "ಗ್ರೇಟ್ ಕ್ವೆಶ್ಚನ್! ಟೆಲ್ ಮಿ ಮೋರ್!" ಅಂದಳು.

ಮಗು ಇನ್ನೇನನ್ನೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ಬೆಂಚಿನ ಕೆಳಗೆ ಉತ್ತರ ಹರಿಯಿತು.

ಪರೀಕ್ಷಕರು ನಕ್ಕರು. ಬಾಗಿಲ ಬಳಿ ನಿಂತಿದ್ದ ನಾನೂ ನಕ್ಕೆ. ಅವಳು ನನ್ನನ್ನು ನೋಡಿದಳು.

ಪಾಸಾಗಲಿಲ್ಲ.

ಸಂಜೆ ರೂಮಿಗೆ ಬಂದು ಮಂಚದ ಮೇಲೆ ಕೂತು, ಫೋನನ್ನು ದಿಂಬಿನಡಿ ಇಟ್ಟಳು. "ಇನ್ನೊಂದೇ ಸಲ ಡೆಮೊ ಕೊಡ್ತಾರಂತೆ. ಇದು ಬ್ಯಾಡಕ್ಕಾ, ಏನ್ ಮಾಡುದ್ರೂ ಒಗಳ್ತೈತೆ. ನೀನಾದ್ರೆ ನಗ್ತೀಯ, ತಪ್ಪು ಅಂತ ಗೊತ್ತಾಗ್ತೈತೆ. ದಿನಾ ಅತ್ತು ನಿಮಿಷ ನೀನೇ ಕೇಳಕ್ಕಾ."

ಮಂಚದಿಂದಿಳಿದು, ದುಪಟ್ಟಾ ಸರಿಮಾಡಿಕೊಂಡು, ನನ್ನೆದುರು ನಿಂತೇ ಇದ್ದಳು.