ಕೊನೆಯ ಸಹಿ

ಅವನು ಬದುಕಿನಲ್ಲಿ ಮಾಡಿದ ದೊಡ್ಡ ತಪ್ಪೆಂದರೆ ಅಕ್ಷರ ದುಂಡಗೆ ಬರೆಯಲು ಕಲಿತದ್ದು. ಕಾಗೆ ಕಾಲಿನಂಥ ಅಕ್ಷರದವರೆಲ್ಲ ಭಾನುವಾರ ಹೊದ್ದು ಮಲಗುತ್ತಿದ್ದರು. ಇವನು ಮಾತ್ರ ಆರು ವರ್ಷಗಳಿಂದ ಮೇಕೆ ಸಾಕಣೆದಾರರ ಸಂಘದ ಕಾರ್ಯದರ್ಶಿಯಾಗಿ ಹಸಿರು ರಟ್ಟಿನ ಪುಸ್ತಕದ ಮೇಲೆ ಬಗ್ಗಿ ಕುಳಿತಿರುತ್ತಿದ್ದ. ಅವನ ಮನೆಯಲ್ಲಿದ್ದದ್ದು ಹನ್ನೊಂದು ಮೇಕೆ. ಅವನು ಬರೆದಿಟ್ಟ ನಿಯಮಗಳು ನೂರ ನಲವತ್ತು. ಮೇಕೆ ಯಾವ ಬೇಲಿ ಹಾರಬಹುದು, ಯಾವುದನ್ನು ಹಾರಬಾರದು ಎಂಬುದಕ್ಕೇ ಹದಿನಾಲ್ಕು. ಒಂದು ಮೇಕೆಯೂ ಅವನ್ನು ಓದಿರಲಿಲ್ಲ. ಸದಸ್ಯರೂ ಅಷ್ಟೆ.

ಹೋದ ವಾರ ಶಾಲೆಯಲ್ಲಿ ಮನೆಯವರ ಚಿತ್ರ ಬರೆದು ತರಲು ಹೇಳಿದ್ದರಂತೆ. ಮಗಳು ಅಮ್ಮನನ್ನು ಬರೆದಳು, ತನ್ನನ್ನು ಬರೆದಳು, ಹನ್ನೊಂದು ಮೇಕೆಗಳನ್ನೂ ಹೆಸರು ಸಮೇತ ಬರೆದಳು. ಕೊನೆಯಲ್ಲಿ ಎರಡು ಕಾಲಿನ ಮೇಲೆ ನಿಂತ ಒಂದು ಹಸಿರು ಪುಸ್ತಕ.

"ಅಪ್ಪ ಎಲ್ಲಿ ಪುಟ್ಟಾ?"

"ಇಲ್ಲೇ ಇದೀಯಲ್ಲಪ್ಪ," ಎಂದು ಅವಳು ಪುಸ್ತಕದ ಮೇಲೆ ಬೆರಳಿಟ್ಟಳು. ಅವನಿಗೆ ನಗು ಬಂತು. ನಗುತ್ತಲೇ ಚಿತ್ರದಲ್ಲಿ ತನ್ನನ್ನು ಇನ್ನೊಮ್ಮೆ ಹುಡುಕಿದ.

ಹೆಂಡತಿ ಚಿತ್ರವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. "ಬರೋ ಭಾನುವಾರ ಆ ಹುದ್ದೆ ಬಿಟ್ಟು ಮನೆಗೆ ಬನ್ನಿ. ಇಲ್ಲಾಂದ್ರೆ ಪುಸ್ತಕದ ಜೊತೆ ಕೊಟ್ಟಿಗೇಲೇ ಮಲಗಿ. ಆರು ವರ್ಷದಲ್ಲಿ ನಾಲ್ಕು ಸಲ ರಾಜೀನಾಮೆ ಕೊಡೋಕೆ ಹೋಗಿದೀರ. ನಾಲ್ಕು ಸಲಾನೂ ಅವರು ಹೊಗಳಿದ ಕೂಡಲೇ ಕರಗಿ ಬಂದಿದೀರ."

ಈ ಸಲ ಕರಗಬಾರದೆಂದು ಅವನು ವಾರ್ಷಿಕ ಸಭೆಯ ನೋಟಿಸಿನಲ್ಲೇ ಮೊದಲನೆಯ ವಿಷಯವಾಗಿ ತನ್ನ ರಾಜೀನಾಮೆಯನ್ನು ಬರೆದು, ನಲವತ್ತು ಸದಸ್ಯರ ಸಂಘಕ್ಕೆಲ್ಲ ಹಂಚಿದ. ಅಲ್ಲೇ ಎಡವಿದ್ದು.

ಯಾಕೆಂದರೆ ಸಂಘದಲ್ಲಿ ಒಂದು ನಿಯಮವಿತ್ತು. ಹತ್ತು ಗಂಟೆಗೆ ಕರೆದ ಸಭೆಗೆ ಜನ ಒಂದು ಗಂಟೆಗೆ ಬರುತ್ತಿದ್ದರು. ಅದಕ್ಕೆ ಮದ್ದು ಅರೆಯಬೇಕೆಂದು ಹೋದ ವರ್ಷ ಇವನೇ ಕೂತು ಕರಡು ಬರೆದಿದ್ದ: ಸಭೆಯಲ್ಲಿ ಯಾವುದೇ ಹುದ್ದೆ ತೆರವಾದರೆ, ಅಂದಿನ ಹಾಜರಿ ಪುಸ್ತಕದಲ್ಲಿ ಕೊನೆಯ ಸಹಿ ಯಾರದೋ ಆ ಹುದ್ದೆ ಅವರಿಗೇ, ಒಲ್ಲೆ ಎನ್ನುವಂತಿಲ್ಲ. ನಿಯಮ ಮೇಜು ಕುಟ್ಟಿ ಪಾಸಾಯಿತು. ಅವನು ಅದನ್ನು ಕೆಂಪು ಶಾಯಿಯಲ್ಲಿ ಬರೆದು, ಕಟ್ಟು ಹಾಕಿಸಿ ಅಧ್ಯಕ್ಷರ ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿದ್ದ. ಅಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದ.

ಭಾನುವಾರ ಬೆಳಿಗ್ಗೆ ಏಳಕ್ಕೆ ಸಂಘದ ಬಾಗಿಲು ತೆಗೆಯಲು ಹೋದರೆ, ಹಿಂಡಿ ಕಂಡ ಮೇಕೆಗಳ ಹಾಗೆ ಹತ್ತೊಂಬತ್ತು ಜನ ನೂಕಾಡುತ್ತಿದ್ದರು. ಏಳೂಕಾಲಿಗೆಲ್ಲ ಸಹಿ ಮುಗಿಸಿ, ಪರೀಕ್ಷೆ ಬರೆದು ಪಾಸಾದವರಂತೆ ಕಾಲು ಚಾಚಿ ಕುಳಿತರು. ಇವನೂ ಸೇರಿ ಇಪ್ಪತ್ತು. ಕೋರಂಗೆ ಬೇಕಾದದ್ದು ಇಪ್ಪತ್ತೊಂದು.

ಹತ್ತಾಯಿತು. ಹನ್ನೊಂದಾಯಿತು. ಮಿಕ್ಕ ಇಪ್ಪತ್ತರಲ್ಲಿ ಒಂದು ನರಪಿಳ್ಳೆಯೂ ಬಾಗಿಲ ಕಡೆ ಸುಳಿಯಲಿಲ್ಲ. ಇನ್ನು ಬಂದವನ ಸಹಿಯೇ ಕೊನೆಯದು ಎಂದು ಊರಿಗೆಲ್ಲ ಗೊತ್ತಿತ್ತು. ಸಂಘದ ನೂರ ನಲವತ್ತು ನಿಯಮಗಳಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದದ್ದು ಇದೊಂದೇ.

ಅಧ್ಯಕ್ಷರು ಹಿಂಡಿ ಅಂಗಡಿಯವರು, ತೂಕದ ಮನುಷ್ಯ. ಕೋರಂ ಇಲ್ಲದೆ ಸಭೆ ಇಲ್ಲ, ಸಭೆ ಇಲ್ಲದೆ ರಾಜೀನಾಮೆ ಇಲ್ಲ, ಇನ್ನು ಮುಂದಿನ ಸಭೆ ಮೂರು ತಿಂಗಳಿಗೆ ಎಂದು ವಿವರಿಸಿದರು. ಆಮೇಲೆ ಕರುಣೆಯಿಂದ ಸೇರಿಸಿದರು: "ನಾವೇನು ಎದ್ದು ಹೋಗಲ್ಲ ಬಿಡಿ. ನೀವೇ ಹೋಗಿ ಯಾರಾದ್ರೂ ಒಬ್ಬರನ್ನ ಹಿಡ್ಕೊಂಡು ಬನ್ನಿ."

ಅವನು ಸೈಕಲ್ ಹತ್ತಿದ.

ಮೊದಲ ಮನೆಯ ಸದಸ್ಯನಿಗೆ ಹಲ್ಲುನೋವಂತೆ. ದವಡೆಗೆ ಪಂಚೆ ಸುತ್ತಿಕೊಂಡು, ಒಂದು ಹಿಡಿ ಹುರಿಗಡಲೆ ಜಗಿಯುತ್ತಲೇ ಅದನ್ನು ಹೇಳಿ ಕಳಿಸಿದ. ಎರಡನೆಯ ಮನೆಯಲ್ಲಿ ಹೆಂಗಸು ಬಾಗಿಲಿಗೆ ಬಂದು, ಅವರು ಪರಊರಿಗೆ ಹೋಗಿದ್ದಾರೆ, ನಾಳೆ ಬರುತ್ತಾರೆ ಎಂದಳು. "ನಾಡಿದ್ದು ಅನ್ನೇ," ಎಂದು ಅಟ್ಟದ ಮೇಲಿಂದ ದನಿ ಬಂತು. "ನಾಡಿದ್ದಂತೆ," ಎಂದು ಅವಳು ತಿದ್ದಿಕೊಂಡಳು. ಮೂರನೆಯದು ಅಣ್ಣತಮ್ಮಂದಿರ ಮನೆ. ಇಬ್ಬರೂ ಸದಸ್ಯರು, ಇಬ್ಬರೂ ಬರಲು ಸಿದ್ಧ. ಆದರೆ ಅಣ್ಣ, ತಮ್ಮನ ಹಿಂದೆ ಬರುವುದು ತನ್ನ ದೊಡ್ಡತನಕ್ಕೆ ಕುಂದು ಎಂದ. ತಮ್ಮ, ಅಣ್ಣನಿಗಿಂತ ಹಿಂದೆ ಸಹಿ ಹಾಕಿದರೆ ತನ್ನ ಪಾಲು ಕೇಳಿದಂತಾಗುತ್ತದೆ ಎಂದ. ಅದರ ಅರ್ಥ ಇವನಿಗೆ ಆಗಲಿಲ್ಲ. ಅರ್ಧ ಗಂಟೆ ಮನವೊಲಿಸಿದ ಮೇಲೆ ಆಗಿದ್ದಿಷ್ಟೇ: ಇಬ್ಬರೂ ಹೊಸ್ತಿಲ ಒಳಗೆ, ಇವನ ಸೈಕಲ್ ಚಕ್ರದ ಗಾಳಿ ಹೊರಗೆ.

ಸೈಕಲ್ ತಳ್ಳಿಕೊಂಡು, ಬಿಸಿಲಿಗೆ ಬಾಡಿದ ಸೊಪ್ಪಿನಂತೆ ಜೋತುಬಿದ್ದು ಅವನು ಹೋತಜ್ಜನ ಮನೆ ಮುಂದೆ ನಿಂತ. ಸುತ್ತಮುತ್ತಲಿನ ಮೇಕೆಗಳಿಗೆಲ್ಲ ಇದ್ದ ಒಂದೇ ಒಂದು ಬೀಜದ ಹೋತವನ್ನು ಸಾಕಿದ್ದರಿಂದ ಮುದುಕನಿಗೆ ಆ ಹೆಸರು. ವಯಸ್ಸು ಎಂಬತ್ತು, ಕಣ್ಣಿಗೆ ಪೊರೆ. ಪೆನ್ನು ಹಿಡಿದರೆ ಕೈ ಹೋತದ ಗಡ್ಡದಂತೆ ನಡುಗುತ್ತಿತ್ತು. ಇಂಥವನ ತಲೆಗೆ ಹುದ್ದೆ ಕಟ್ಟುವುದು ಪಾಪವೆಂದು ಇವನಿಗೂ ಅನ್ನಿಸಿತು. ಆದರೆ ಎರಡು ಕಾಲಿನ ಪುಸ್ತಕ ಕಣ್ಣ ಮುಂದೆ ಬಂದು ನಿಂತಿತು.

ಅಜ್ಜ ಮರುಮಾತಿಲ್ಲದೆ ಕೋಲು ಕೈಗೆತ್ತಿಕೊಂಡ. "ಸಂಘಕ್ಕೋಸ್ಕರ ಇಷ್ಟೂ ಮಾಡದಿದ್ರೆ ಹೇಗಪ್ಪ? ನಡಿ."

ದಾರಿಯಲ್ಲಿ ಇವನ ಮನೆ ಸಿಕ್ಕಿತು. ಒಂದು ಲೋಟ ನೀರು ಕುಡಿದು ಬರುತ್ತೇನೆ ಎಂದು ಅಜ್ಜ ಒಳಗೆ ಹೋದ. ಒಂದು ಲೋಟ ನೀರಿಗೆ ಕಾಲು ಗಂಟೆ ಹಿಡಿಯಿತು. ಇವನು ಹೊರಗೆ ಸೈಕಲ್ ಹಿಡಿದು, ಪಾಪ, ಮುಪ್ಪು, ಗುಟುಕು ಇಳಿಯುವುದೂ ಕಷ್ಟ ಎಂದು ಮರುಗುತ್ತ ನಿಂತಿದ್ದ.

ಸಭೆಯಲ್ಲಿ ಹೋತಜ್ಜ ಇಪ್ಪತ್ತೊಂದನೆಯ ಸಹಿ ಹಾಕಿದಾಗ ಇಪ್ಪತ್ತು ಎದೆಗಳಿಂದ ಒಂದೇ ಸಲ ಉಸಿರು ಇಳಿಯಿತು. ಆಮೇಲೆ ಶುರುವಾಯಿತು ಹೊಗಳಿಕೆ. ಇಂಥ ಅಕ್ಷರ ಇನ್ನೆಲ್ಲಿ ಎಂದರು ಒಬ್ಬರು. ಇವನಿಲ್ಲದ ಸಂಘ ಕೊರಳಗಂಟೆ ಇಲ್ಲದ ಮಂದೆ ಎಂದು ಇನ್ನೊಬ್ಬರು ಕಣ್ಣೊರೆಸಿಕೊಂಡರು. ನಿಜ ಹೇಳಬೇಕೆಂದರೆ, ಆ ಹೊತ್ತಿನಲ್ಲಿ ಅವನು ಅಂಚಿನಲ್ಲಿ ಸ್ವಲ್ಪ ಕರಗಿದ್ದ. ಆದರೂ ತುಟಿ ಕಚ್ಚಿ ಕುಳಿತ. ರಾಜೀನಾಮೆ ಅಂಗೀಕಾರವಾಯಿತು. ಹೊಸ ಕಾರ್ಯದರ್ಶಿಯ ಹೆಸರು ಓದಲು ಅಧ್ಯಕ್ಷರು ಹಾಜರಿ ಪುಸ್ತಕ ಎತ್ತಿಕೊಂಡರು.

ಅಷ್ಟರಲ್ಲಿ ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಪಕ್ಕದಲ್ಲಿ ಮಗಳು.

"ಬಂದ್ಯಾ ತಾಯಿ," ಎಂದ ಹೋತಜ್ಜ. "ಬಾ, ಬೇಗ ಸಹಿ ಹಾಕು."

ಇವನಿಗೆ ನಗು ಬಂತು. ಅವಳು ಸದಸ್ಯೆಯೇ ಅಲ್ಲ, ಸಹಿ ಯಾಕೆ ಎಂದ. ಹೋತಜ್ಜ ಸದಸ್ಯರ ಪಟ್ಟಿಯ ನಲವತ್ತನೆಯ ಹೆಸರು ಓದಲು ಹೇಳಿದ. ಅಧ್ಯಕ್ಷರು ಓದಿದರು. ಎರಡು ವರ್ಷದ ಹಿಂದೆ, ನಲವತ್ತು ಜನರಿಲ್ಲದಿದ್ದರೆ ಸಂಘಕ್ಕೆ ನೋಂದಣಿ ಇಲ್ಲ ಎಂದಾಗ, ಒಬ್ಬರು ಕಡಿಮೆ ಬಿದ್ದು, ಐದು ಮೇಕೆಗಳನ್ನು ಹೆಂಡತಿಯ ಹೆಸರಿಗೆ ಹಾಕಿ ಪಟ್ಟಿ ತುಂಬಿದ್ದು ಇವನೇ. ತುಂಬಿ ಮರೆತಿದ್ದ. ಅಕ್ಷರ ಮಾತ್ರ ಮರೆತಿರಲಿಲ್ಲ. ದುಂಡಗೆ, ಮುತ್ತಿನಂತೆ ಅಲ್ಲೇ ಕುಳಿತಿತ್ತು.

"ಬೇಡ ಕಣೇ," ಎಂದು ಅವನು ಎದ್ದು ನಿಂತ. "ಸಹಿ ಹಾಕಬೇಡ."

ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ನೋಡಿದ್ರಾ ಅಜ್ಜ, ನೀವು ಹೇಳಿದ ಹಾಗೇ ಆಯ್ತು. ಇವರ ರಾಜೀನಾಮೆ ಗಟ್ಟಿಯಾಗ್ಬೇಕಾದ್ರೆ ಮನೆಯವರ ಸಹಿ ಬೇಕು, ಕೊನೇ ಗಳಿಗೇಲಿ ಬೇಡ ಅಂತ ಕೈ ಹಿಡೀತಾರೆ, ಕೇಳ್ಬೇಡ ಅಂದಿದ್ರಿ."

"ಅಂದಿದ್ದೆ," ಎಂದ ಅಜ್ಜ.

"ಅಯ್ಯೋ, ಅದು ಹಾಗಲ್ಲ—"

"ಕರಗಿದ್ರಿ ಅಲ್ವಾ? ನಾಲ್ಕು ಸಲದ ಮೇಲೆ ಐದನೇದು." ಅವಳು ಪೆನ್ನು ಕಿತ್ತುಕೊಂಡು, ಕಾಗದ ಹರಿಯುವ ಹಾಗೆ ಒತ್ತಿ ಸಹಿ ಹಾಕಿದಳು.

ಅಧ್ಯಕ್ಷರು ಎದ್ದು ನಿಂತು, ಗೋಡೆಯ ಮೇಲಿನ ಕೆಂಪು ಅಕ್ಷರಗಳನ್ನು ನಿಧಾನವಾಗಿ ಓದಿ, ಹೊಸ ಕಾರ್ಯದರ್ಶಿಗೆ ಕೈ ಮುಗಿದರು. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ಹೋತಜ್ಜ. ಆಗ ಅವನ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ಹೆಂಡತಿ ಗೋಡೆಯನ್ನು ನೋಡಿದಳು. ಎರಡು ಸಲ ಓದಿದಳು. "ಈ ನಿಯಮ ಬರೆದೋರು ಯಾರು?"

ಯಾರೂ ಹೇಳುವ ಅಗತ್ಯವಿರಲಿಲ್ಲ. ಆ ಅಕ್ಷರದಲ್ಲಿ ಅವಳಿಗೆ ಮದುವೆಗೆ ಮುಂಚೆ ಹನ್ನೆರಡು ಕಾಗದ ಬಂದಿದ್ದವು.

ಅವಳು ಕೂಗಾಡುತ್ತಾಳೆ ಎಂದುಕೊಂಡು ಅವನು ತಲೆ ತಗ್ಗಿಸಿದ. ಅವಳು ಕೂಗಾಡಲಿಲ್ಲ. ಕಾರ್ಯದರ್ಶಿಯ ಕುರ್ಚಿಯನ್ನು ಸೆರಗಿನಿಂದ ಒರೆಸಿ ಕುಳಿತಳು, ಪುಸ್ತಕ ತೆರೆದಳು, ಅದನ್ನು ಮೇಜಿನ ಆಚೆ ತುದಿಗೆ, ಅವನ ಮುಂದಕ್ಕೆ ತಳ್ಳಿದಳು.

"ಬರ್ಕೊಳ್ಳಿ. ನಿಯಮ ನೂರ ನಲವತ್ತೊಂದು. ಕಾರ್ಯದರ್ಶಿಗೆ ಬರೆಯೋಕೆ ಒಬ್ಬ ಸಹಾಯಕ ಇರಬೇಕು. ಅಕ್ಷರ ದುಂಡಗಿರಬೇಕು." ಗೋಡೆಯ ಕೆಂಪು ಅಕ್ಷರಗಳನ್ನು ಇನ್ನೊಮ್ಮೆ ನೋಡಿದಳು. "ಸಹಾಯಕ ರಾಜೀನಾಮೆ ಕೊಡೋ ಹಾಗಿಲ್ಲ."

ಸರ್ವಾನುಮತದಿಂದ ಪಾಸಾಯಿತು. ಅವನೂ ಅಭ್ಯಾಸಬಲದಿಂದ ಕೈ ಎತ್ತಿದ್ದ. ಎತ್ತಿದ ಕೈಯಲ್ಲಿ ಪೆನ್ನು ಇತ್ತು.

ಸಂಜೆ ಮಗಳು ಹೊಸ ಚಿತ್ರ ಬರೆದು ತೋರಿಸಿದಳು. ತಾನು, ಹನ್ನೊಂದು ಮೇಕೆ, ಒಂದು ಹಸಿರು ಪುಸ್ತಕ. ಅಮ್ಮನೂ ಬೇರೆಯಾಗಿ ಇರಲಿಲ್ಲ. ಈ ಸಲ ಪುಸ್ತಕಕ್ಕೆ ನಾಲ್ಕು ಕಾಲುಗಳಿದ್ದವು.