ನಮ್ಮ ಜೀಪಿನ ಎಡಗಾಲಿನ ಗೆಜ್ಜೆ

ಬೆಳಿಗ್ಗೆ ದೀಪ ಹಚ್ಚಿದ ಮೇಲೆ, ಹಿಂದಿನ ದಿನ ದೇವರು ಮಾಡಿದ ಉಪಕಾರಗಳನ್ನು ಬೆರಳು ಮಡಚಿ ಎಣಿಸುವುದು ನನ್ನ ಬಹಳ ವರ್ಷಗಳ ಅಭ್ಯಾಸ. ದೊಡ್ಡ ಉಪಕಾರಗಳೇನೂ ಅಲ್ಲ. ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಅಡುಗೆಮನೆಗೆ ಹೋದೆ, ಒಂದು. ನಲ್ಲಿ ನಿಲ್ಲುವ ಮೊದಲು ಡ್ರಮ್ಮು ತುಂಬಿತು, ಎರಡು. ಅತ್ತೆ ಉಪ್ಪಿಟ್ಟನ್ನು ಬೈಯದೆ ತಿಂದರು, ಮೂರು. ಐದು ಬೆರಳು ಮಡಚಿಕೊಂಡರೆ ಆ ದಿನಕ್ಕೆ ನಾನು ತೃಪ್ತೆ. ಆದರೆ ಕಳೆದ ಕಾರ್ತಿಕದಿಂದ ಈಚೆಗೆ ನನ್ನ ಎಣಿಕೆ ಹೆಬ್ಬೆರಳು ದಾಟುತ್ತಿಲ್ಲ. ಕಾರಣ, ನಮ್ಮ ಜೀಪಿನ ಮುಂದಿನ ಎಡ ಚಕ್ರದ ಡ್ರೈವ್ ಶಾಫ್ಟು, ಅಂದರೆ ಇಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಕಬ್ಬಿಣದ ಸರಳು. ಬಾನೆಟ್ಟು ಯಾವುದು ಡಿಕ್ಕಿ ಯಾವುದು ಎಂದು ಮೊನ್ನೆ ಮೊನ್ನೆಯವರೆಗೆ ಗೊತ್ತಿಲ್ಲದ ನಾನು ಡ್ರೈವ್ ಶಾಫ್ಟಿನ ವಿಷಯ ಬರೆಯಲು ಕೂತಿದ್ದೇನೆಂದರೆ, ನನ್ನ ಸ್ಥಿತಿ ಎಲ್ಲಿಗೆ ಬಂದಿದೆ ಎಂದು ನೀವೇ ಊಹಿಸಿಕೊಳ್ಳಿ.

ಜೀಪು ಮೈಸೂರಿನ ಕುಂಬಾರಕೊಪ್ಪಲಿನ ನಮ್ಮ ಮನೆಗೆ ಬಂದದ್ದು ಎರಡು ಕಾರಣಕ್ಕೆ. ಒಂದು, ನಮ್ಮ ಯಜಮಾನರ ಹಳೆಯ ಆಸೆ. ಸರ್ವೆ ಆಫೀಸಿನಲ್ಲಿ ಮೂವತ್ತು ವರ್ಷ ದುಡಿದ ಅವರು ಅಷ್ಟೂ ವರ್ಷ ಆಫೀಸ್ ಜೀಪಿನ ಹಿಂದುಗಡೆ, ಅಳತೆಯ ಸರಪಳಿಯ ಪಕ್ಕದಲ್ಲಿ, ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂತವರು. ಮುಂದಿನ ಸೀಟು ಸಾಹೇಬರದು. ರಿಟೈರಾದ ಮೇಲಾದರೂ ಮುಂದೆ ಕೂರಬೇಕು ಎಂಬುದು ಅವರ ಹಟ. ಎರಡನೆಯ ಕಾರಣ ನಮ್ಮ ಅತ್ತೆ. ನಮ್ಮ ಮನೆದೇವರಾದ ಅಮ್ಮ ಇರುವುದು ಕೋಟೆ ತಾಲ್ಲೂಕಿನ ಒಂದು ಗುಡ್ಡದ ಮೇಲೆ. ವರ್ಷಕ್ಕೆ ಒಂದೇ ದಿನ, ಕಡೇ ಕಾರ್ತಿಕ ಸೋಮವಾರ, ಬಾಗಿಲು ತೆಗೆಯುತ್ತಾರೆ. ಅಲ್ಲಿಗೆ ದಾರಿ ಎಂದರೆ ಕಲ್ಲು, ಕೆಸರು, ಏರು. ಸಾಮಾನ್ಯ ಕಾರು ಕಾಲು ಭಾಗಕ್ಕೇ ಕೈಚೆಲ್ಲುತ್ತದೆ. ಎಂಬತ್ತನಾಲ್ಕರ ಅತ್ತೆಗೆ ಮಂಡಿ ಹೋಗಿ ಆರು ವರ್ಷ, ದೇವರ ಮುಖ ನೋಡಿಯೂ ಆರು ವರ್ಷ. "ಒಂದೇ ಒಂದ್ಸಲ ಆ ಬೆಟ್ಟ ಅತ್ತಿಸ್ಬುಡಪ್ಪ ಮಗ, ಆಮೇಲೆ ನಾನು ಏನೂ ಕೇಳಕಿಲ್ಲ" ಎಂದು ಅವರು ಪ್ರತಿ ವರ್ಷ ಹೇಳುತ್ತಿದ್ದರು. ಹಾಗಾಗಿ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕಾಯಿತು. ಹಳೆಯದು ಸಿಕ್ಕಿತು.

ಮನೆಗೆ ಬಂದ ಮೇಲೆ ಅದು ಕಬ್ಬಿಣವಾದರೇನು, ಲಕ್ಷ್ಮಿಯೇ ಅಲ್ಲವೇ? ಪ್ರತಿ ಶುಕ್ರವಾರ ಹೊಸಿಲಿನ ಪೂಜೆ ಮುಗಿಸಿ ಜೀಪಿನ ನಾಲ್ಕೂ ಚಕ್ರಗಳಿಗೆ ಅರಿಸಿನ ಕುಂಕುಮ ಇಡತೊಡಗಿದೆ. ಕೊಳಕಿನ ಮೇಲೆ ಕುಂಕುಮ ಇಡುವ ಜಾಯಮಾನ ನನ್ನದಲ್ಲ. ಮೊದಲು ಚಕ್ರ ತೊಳೆದು ಒರೆಸಿ, ಆಮೇಲೆ ಪೂಜೆ. ಮೂರು ಚಕ್ರಗಳು ಮರ್ಯಾದಸ್ಥ ಚಕ್ರಗಳು. ಮುಂದಿನ ಎಡಗಡೆಯದು ಮಾತ್ರ ಶ್ರಾವಣದಿಂದಲೇ ವಾರ ವಾರ ಕರ್ರಗೆ, ಜಿಗುಟು ಜಿಗುಟಾಗಿ ಬರುತ್ತಿತ್ತು. ಇವರು ಎಲ್ಲಿ ಯಾವ ಚರಂಡಿ ಬದಿಗೆ ನಿಲ್ಲಿಸುತ್ತಾರೋ ಎಂದು ಗೊಣಗಿಕೊಂಡು, ಹಳೇ ಸೀರೆಯ ಚೂರಿಗೆ ಸೀಗೆಪುಡಿ ಹಾಕಿ, ಚಕ್ರದ ಕಿಂಡಿಗಳಲ್ಲಿ ಮೊಣಕೈವರೆಗೆ ಕೈ ತೂರಿಸಿ, ಒಳಮೈಯನ್ನೂ ಬಿಡದೆ ತಿಕ್ಕುತ್ತಿದ್ದೆ. ಎಣ್ಣೆ ಬಾಣಲೆಯನ್ನೇ ಬಿಡದ ಸೀಗೆಪುಡಿ ಇದನ್ನು ಬಿಡುತ್ತದೆಯೇ? ಚಕ್ರ ಮದುವೆಮನೆಯ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. ಒಮ್ಮೆ ಗೋಕುಲಂನಲ್ಲಿ ಯೋಗ ಕಲಿಯಲು ಬಂದಿದ್ದ ಪರದೇಶದ ಹುಡುಗಿಯೊಬ್ಬಳು ಕುಂಕುಮದ ಚಕ್ರದ ಫೋಟೋ ತೆಗೆದುಕೊಂಡು ನನಗೆ ಕೈಮುಗಿದಳು. ಆ ದಿನ ನನ್ನ ಹತ್ತೂ ಬೆರಳು ಮಡಚಿದ್ದವು. ಜಂಬ ಎಲ್ಲಿಂದ ಒಳಗೆ ಬರುತ್ತದೆ ಎಂದು ಹೇಳಲಾಗುವುದಿಲ್ಲ, ನೋಡಿ.

ಅದೇ ಸುಮಾರಿಗೆ ಸದ್ದು ಶುರುವಾಯಿತು. ನೇರ ಹೋದರೆ ಏನೂ ಇಲ್ಲ, ತಿರುಗಿಸಿದರೆ ಮಾತ್ರ ಎಡಗಡೆಯಿಂದ ಟಕ್ ಟಕ್ ಟಕ್. ಮೈಸೂರಿನಲ್ಲಿ ತಿರುಗದೆ ಎಲ್ಲಿಗೆ ಹೋಗಲಾದೀತು? ಮಹಾರಾಜರ ಕಾಲದಿಂದ ಊರಿಗೆ ಊರೇ ಸರ್ಕಲ್ಲು. ಒಂದು ಸರ್ಕಲ್ ಸುತ್ತಿ ಬರುವಷ್ಟರಲ್ಲಿ ಇಪ್ಪತ್ತು ಸಲ ಟಕ್ ಎನ್ನುತ್ತಿತ್ತು. ಮುಂದಿನ ಸೀಟಿನಲ್ಲಿ ಕೂತ ಅತ್ತೆಗೆ ಮಾತ್ರ ಮಹದಾನಂದ. "ಕೇಳುಸ್ಕೊಂಡ್ಯಾ? ಗೆಜ್ಜೆ ಕಣವ್ವ. ಅಮ್ಮ ನಮ್ ಜೊತೇಲೇ ನಡ್ಕೊಂಡು ಬತ್ತಾವ್ಳೆ."

"ಅಮ್ಮ ಆಟೋದಲ್ಲಿ ಬರ್ಲಿ, ಇದು ಗಾಡಿ ಸದ್ದು," ಎಂದು ನಾನು ಯಜಮಾನರನ್ನು ತಿವಿದೆ. "ರೀ, ಒಂದ್ಸಲ ತೋರ್ಸ್ಬಾರ್ದಾ?"

"ಟೈರಿಗೆ ಕಲ್ಲು ಸಿಕ್ಕೊಂಡಿರುತ್ತೆ ಕಣೇ. ಪ್ರತಿ ಭಾನುವಾರ ನಾನೇ ಬಗ್ಗಿ ನೋಡ್ತೀನಿ. ಚಕ್ರ ಕನ್ನಡಿ ಇದ್ದಂಗಿದೆ. ಸುಮ್ನಿರು."

ಕನ್ನಡಿಯ ಹಾಗಿದೆ ಎಂದ ಮೇಲೆ ನಾನು ಸುಮ್ಮನಾದೆ. ಹೊಗಳಿಕೆ ಅಪರೂಪದ ಮನೆ ನಮ್ಮದು. ಬಂದದ್ದನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದೆ.

ಕಡೇ ಸೋಮವಾರ ಬಂತು. ಅತ್ತೆ ನಸುಕಿಗೇ ಎದ್ದು, ಆರು ವರ್ಷದಿಂದ ಪೆಟ್ಟಿಗೆಯಲ್ಲಿದ್ದ ಹಸಿರು ರೇಷ್ಮೆಸೀರೆ ಉಟ್ಟು, ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಜೀಪು ಹತ್ತಿದರು. ಗುಡ್ಡದ ಬುಡದಲ್ಲಿ ಯಜಮಾನರು ಗೇರಿನ ಪಕ್ಕದ ಒಂದು ಕಡ್ಡಿಯನ್ನು ಎಳೆದು, "ಈಗ ನೋಡಮ್ಮ, ನಾಲ್ಕು ಚಕ್ರ!" ಎಂದರು. ಮೊದಲ ತಿರುವು ಹತ್ತಿತು. ಗೆಜ್ಜೆ ಜೋರಾಯಿತು. ಎರಡನೆಯ ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಕಾಲು ಒತ್ತಿದರು. ಕಬ್ಬು ಮುರಿದ ಹಾಗೆ ಕಡಕ್ ಎಂದು ಒಂದು ಸದ್ದು. ಆಮೇಲೆ ಮುಂದಿನ ಚಕ್ರಗಳು ಸುಮ್ಮನೆ ನಿಂತವು, ಹಿಂದಿನವು ಕೆಸರು ಕಡೆದವು, ಜೀಪು ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ನಾನು ಹಾರಿ ಇಳಿದು, ಕೈಗೆ ಸಿಕ್ಕ ಕಲ್ಲನ್ನು ಹಿಂದಿನ ಚಕ್ರಕ್ಕೆ ಕೊಟ್ಟೆ. ಕಲ್ಲು ಹಿಡಿಯಿತು. ಆ ದಿನದ ಹೆಬ್ಬೆರಳು ಅದೇ.

ನಡೆದು ಹತ್ತುತ್ತಿದ್ದವರು ಸುತ್ತ ಸೇರಿದರು. ಬುಡದ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ತಂದು, "ಅಜ್ಜಿ, ಕೂತ್ಕಳಿ, ನಾಕು ಜನ ಎತ್ಕೊಂಡೋಯ್ತೀವಿ" ಎಂದರು.

"ನಾಕ್ ಜನ ಓರೋ ದಿನ ಬತ್ತದೆ, ಆಗ ಬನ್ರಪ್ಪ," ಎಂದರು ಅತ್ತೆ. "ನನ್ ಮಗ ಗಾಡಿ ತಂದವ್ನೆ. ಓದ್ರೆ ಗಾಡೀಲೇ ಓಯ್ತೀನಿ."

ನಾನು ಕೈ ಹಿಡಿದು ಬೇಡಿಕೊಂಡೆ, ಕೇಳಲಿಲ್ಲ. ಯಜಮಾನರು ಬಾನೆಟ್ಟಿಗೆ ಒರಗಿ, ಮುಖ ಆ ಕಡೆ ತಿರುಗಿಸಿಕೊಂಡು ನಿಂತಿದ್ದರು. ಮೂವತ್ತು ವರ್ಷ ಹಿಂದಿನ ಸೀಟಿನಲ್ಲಿ ಕೂತಾಗಲೂ ಆ ಮನುಷ್ಯ ಅಷ್ಟು ಕುಗ್ಗಿದ್ದನ್ನು ನಾನು ಕಂಡಿರಲಿಲ್ಲ. ತೆಂಗಿನಕಾಯಿಯನ್ನು ಯಾರದೋ ಕೈಯಲ್ಲಿ ಮೇಲಕ್ಕೆ ಕಳಿಸಿದೆವು. ಮೇಲಿನಿಂದ ಗಂಟೆಯ ಸದ್ದು ಕೇಳಿದಾಗ ಅತ್ತೆ ಸೀಟಿನಲ್ಲೇ ಕೂತು, ಗಾಜಿನ ಕಡೆಗೆ ಕೈಮುಗಿದರು. ಗಾಜಿನಾಚೆ ಅವರಿಗೆ ಕಂಡದ್ದು ಒಂದು ಹುಣಸೆಮರ ಅಷ್ಟೆ.

ಲಷ್ಕರ್ ಮೊಹಲ್ಲಾದ ಮೆಕ್ಯಾನಿಕ್ ಬಾಷಾ ಭಾಯಿ ಫೋನಿನಲ್ಲಿ ಹೇಳಿದಂತೆ ಹಿಂದಿನ ಎರಡು ಚಕ್ರಗಳ ಬಲದ ಮೇಲೆ ನಿಧಾನವಾಗಿ ವಾಪಸು ಬಂದೆವು. ಮರುದಿನ ಅವರು ಜೀಪಿನ ಕೆಳಗಿಂದ ತುಂಡಾದ ಕಬ್ಬಿಣವನ್ನು ಎಳೆದು ತೋರಿಸಿದರು. ತುದಿಯಲ್ಲಿ ಹರಿದ ರಬ್ಬರು, ಹಳೇ ಕಾಲುಚೀಲದ ಹಾಗೆ ಜೋತಾಡುತ್ತಿತ್ತು.

"ಸಾರ್, ಗಾಡಿ ತಗೊಂಡಾಗ್ಲೇ ಹೇಳಿದ್ನಲ್ಲ? ಈ ಕೀಲಿಗೆ ರಬ್ಬರ್ ಬೂಟು, ಅದ್ರೊಳಗೆ ಗ್ರೀಸು. ಬೂಟು ಹರಿದ್ರೆ ಗ್ರೀಸೆಲ್ಲ ಚಕ್ರದೊಳಗೆ ಚಿಮ್ಮುತ್ತೆ, ಕೀಲಿಗೆ ಮಣ್ಣು ಸೇರುತ್ತೆ. ವಾರಕ್ಕೊಂದ್ಸಲ ನೋಡಿ, ಕರ್ರಗೆ ಕಂಡ್ರೆ ಆವತ್ತೇ ಬನ್ನಿ ಅಂದಿದ್ದೆ. ಬರೀ ಬೂಟು ಬದಲಾಯ್ಸೋದು ಅರ್ಧ ದಿನದ ಕೆಲ್ಸ ಇತ್ತು. ಈಗ ಶಾಫ್ಟೇ ಹೋಯ್ತು."

"ಪ್ರತಿ ಭಾನುವಾರ ನೋಡಿದೀನಿ ಬಾಷಾ ಭಾಯ್! ತಾಯಾಣೆಗೂ ಒಂದು ಚುಕ್ಕೆ ಗ್ರೀಸ್ ಇರ್ಲಿಲ್ಲ. ಸದ್ದು ಬಂದ್ರೂ, ಗ್ರೀಸ್ ಇಲ್ವಲ್ಲ, ಶಾಫ್ಟ್ ಇರಲಾರ್ದು ಅಂದ್ಕೊಂಡೆ."

"ಅದೆಂಗ್ ಸಾಧ್ಯ ಸಾರ್? ಇಷ್ಟು ಗ್ರೀಸು ಆವಿ ಆಗೋಯ್ತಾ?"

ಬಾಷಾ ಭಾಯಿ ಆ ಪಾಠ ಹೇಳಿದ ದಿನ ನಾನು ಹೂವು ತರಲು ಮಾರ್ಕೆಟ್ಟಿಗೆ ಹೋಗಿದ್ದೆ. ಇವರಿಬ್ಬರ ಮಧ್ಯೆ ನಿಂತು ಈಗ ಮೊದಲ ಸಲ ಅದನ್ನು ಕೇಳಿದೆ. ಶುಕ್ರವಾರ ನಾನು ಒರೆಸಿದ್ದನ್ನು ಭಾನುವಾರ ಇವರು ಬಗ್ಗಿ ನೋಡಿ ಮೆಚ್ಚಿದ್ದರು. ಶ್ರಾವಣದಿಂದ ಕಾರ್ತಿಕದವರೆಗೆ ಆ ಚಕ್ರ ವಾರ ವಾರವೂ ಕರ್ರಗೆ ಬರೆದು ಕಳಿಸುತ್ತಿದ್ದ ಕಾಗದವನ್ನು ನಾನು ವಾರ ವಾರವೂ ಸೀಗೆಪುಡಿ ಹಾಕಿ ತೊಳೆದು, ಮೇಲೆ ಕುಂಕುಮವನ್ನೂ ಇಟ್ಟಿದ್ದೆ. ಹೇಳಬೇಕೆಂದು ಬಾಯಿ ತೆರೆದೆ. "ಬಾಷಾ ಭಾಯ್, ಟೀ ತರ್ಸ್ಲಾ?" ಎಂದು ಬಂತು.

ಹೊಸ ಶಾಫ್ಟು ಬರಲು ಎರಡು ವಾರ ಹಿಡಿಯಿತು. ಈಗ ಜೀಪು ಎಲ್ಲ ಬೆಟ್ಟ ಹತ್ತಬಲ್ಲದು. ದೇವರ ಬಾಗಿಲು ಮಾತ್ರ ಮುಂದಿನ ಕಾರ್ತಿಕದವರೆಗೆ ಮುಚ್ಚಿದೆ. ಯಜಮಾನರು ಗಾಡಿ ಮಾರಿದವನನ್ನು ಬೈಯುತ್ತಾರೆ, ತಮ್ಮ ಕಣ್ಣನ್ನು ಬೈದುಕೊಳ್ಳುತ್ತಾರೆ. ಕನ್ನಡಕ ಬದಲಾಯಿಸಲೂ ಹೋಗಿ ಬಂದರು. ನಾನು ಬೈಸಿಕೊಳ್ಳದೆ ದೋಸೆ ಹುಯ್ಯುತ್ತಿದ್ದೇನೆ. ದೇವರ ಹತ್ತಿರ ದಿನಾ ಕ್ಷಮೆ ಕೇಳುತ್ತೇನೆ, ಇವರ ಹತ್ತಿರ ನಾಳೆ ಕೇಳೋಣ ಎಂದುಕೊಳ್ಳುತ್ತೇನೆ.

ಒಂದು ಮಧ್ಯಾಹ್ನ ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಾಗ ಅವರೇ ಮಾತು ತೆಗೆದರು. "ಚಕ್ರ ಒರ್ಸಿ ಇತ್ತಿಲಲ್ಲಿ ಒಣಾಕ್ತಿದ್ಯಲ್ಲ ಕರೀ ಬಟ್ಟೆ, ನಾನು ನೋಡಿವ್ನಿ ಕಣವ್ವ."

ನನ್ನ ಕೈ ನಿಂತಿತು.

"ಅವನ್ಗೆ ಏಳ್ಬೇಡ. ದೇವ್ರಿಗೆ ಗೊತ್ತು, ನಂಗೊತ್ತು, ಸಾಕು. ತಿಕ್ಕು, ತಿಕ್ಕು, ನಿಂತ್ಬುಟ್ಟೆ ಯಾಕೆ? ಮುಂದ್ಲೊರ್ಸ ಈ ಮಂಡಿ ಬೇಕಲ್ಲ."

ಮುಂದಿನ ವರ್ಷ ಎಂದು ಅವರು ಎಷ್ಟು ಸಲೀಸಾಗಿ ಅಂದರು! ನಾನು ಮಾತ್ರ ಅಂದಿನಿಂದ ಅವರು ಕೆಮ್ಮಿದರೆ ಸಾಕು, ಒಲೆ ಬಿಟ್ಟು ಓಡಿಹೋಗಿ ನೋಡುತ್ತೇನೆ. ಶುಕ್ರವಾರ ಈಗಲೂ ಚಕ್ರಕ್ಕೆ ಕುಂಕುಮ ಇಡುತ್ತೇನೆ. ಆದರೆ ಒರೆಸುವ ಮೊದಲು ಟಾರ್ಚು ಹಿಡಿದು, ಮಂಡಿಯೂರಿ, ಹಣೆ ನೆಲಕ್ಕೆ ತಾಗುವಷ್ಟು ಬಗ್ಗಿ, ಎರಡೂ ಕಡೆಯ ರಬ್ಬರ್ ಬೂಟನ್ನು ಬೆರಳಿಂದ ಸವರಿ ನೋಡುತ್ತೇನೆ. ಬಾಯಲ್ಲಿ ಒಂದೇ ಪ್ರಾರ್ಥನೆ: ತಾಯಿ, ಕಾರ್ತಿಕದವರೆಗೆ ಇದೂ ಹರಿಯದಿರಲಿ, ಮನೆಯೊಳಗೆ ಕೂತಿರುವ ಆ ಹಿರಿಯ ಜೀವವೂ ಗಟ್ಟಿಯಾಗಿರಲಿ. ಎದುರುಮನೆಯಾಕೆ ಇದನ್ನು ನೋಡಿ, "ಏನ್ ಭಕ್ತಿ ರೀ ಅವ್ರದ್ದು, ಗಾಡಿಗೂ ಸಾಷ್ಟಾಂಗ ಹಾಕ್ತಾರೆ" ಎಂದು ಬೀದಿಯಲ್ಲೆಲ್ಲ ಹೇಳಿದ್ದಾರಂತೆ. ಮೊನ್ನೆ ಯಜಮಾನರೇ ಬಂದು ಆ ಮಾತನ್ನು ಹೆಮ್ಮೆಯಿಂದ ನನಗೆ ಒಪ್ಪಿಸಿದರು. ನಾನು ಸೆರಗಿಗೆ ಕೈ ಒರೆಸಿಕೊಂಡು, ಎಲ್ಲ ಆ ತಾಯಿಯ ದಯೆ ಎಂದೆ.