ನಮ್ಮ ಪ್ರಕಾಶನಕ್ಕೆ ಬಿದ್ದ ಮನೆ ಕಂದಾಯ

ಮನೆ ಕಂದಾಯದ ಫಾರಂನಲ್ಲಿ ಕವಿತ್ವ ತೋರಿಸಬಾರದು ಎಂಬ ವಿವೇಕ ನನಗೆ ಬಂದದ್ದು ತಡವಾಗಿ. ನಮ್ಮ ಮನೆಯ ತೆರಿಗೆಯನ್ನು ನಾವೇ ಲೆಕ್ಕ ಹಾಕಿ ಬರೆದುಕೊಡಬೇಕೆಂಬ ಪದ್ಧತಿ ಆಗಷ್ಟೇ ಶುರುವಾಗಿತ್ತು. ಭದ್ರಾವತಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸಿ ಬರೆಯುವ ನನಗೆ, ರಾಗಿಗುಡ್ಡದ ನಮ್ಮ ಪುಟ್ಟ ಮನೆ ಯಾವ ಲೆಕ್ಕ ಎಂದುಕೊಂಡೆ. ಟೇಪಿನ ಒಂದು ತುದಿಯನ್ನು ಹೆಂಡತಿ ಸುಮಿತ್ರಾಳ ಕೈಗೆ ಕೊಟ್ಟು ಅಡುಗೆಮನೆ, ಬಚ್ಚಲು ಎಲ್ಲ ಅಳೆದೆ. ಅಲ್ಲಿಯವರೆಗೆ ಸರಿಯೇ. ‘ಕಟ್ಟಡದ ಉಪಯೋಗ’ ಎಂಬ ಕಾಲಂ ಬಂದಾಗ ‘ವಾಸ’ ಎಂದು ಎರಡಕ್ಷರ ಬರೆದು ಸುಮ್ಮನಾಗಬೇಕಿತ್ತು. ನಾನು ‘ವಾಸ ಹಾಗೂ ಪ್ರಕಾಶನ’ ಎಂದು ಬರೆದೆ.

ಪ್ರಕಾಶನದ ಕಥೆ ಇಷ್ಟೇ. ನನ್ನ ಕವಿತೆಗಳನ್ನು ಅಚ್ಚು ಹಾಕಲು ಯಾರೂ ಒಪ್ಪದೆ, ದುರ್ಗಿಗುಡಿಯ ಪ್ರೆಸ್ಸೊಂದರಲ್ಲಿ ನಾನೇ ಐನೂರು ಪ್ರತಿ ಹಾಕಿಸಿದ್ದೆ. ಪುಸ್ತಕಕ್ಕೊಬ್ಬ ಪ್ರಕಾಶಕ ಬೇಕಲ್ಲ ಎಂದು ಗೇಟಿಗೆ ‘ಸುಮಿತ್ರಾ ಪ್ರಕಾಶನ’ ಎಂಬ ಬೋರ್ಡು ತಗುಲಿಸಿದ್ದೆ. ಹೆಂಡತಿಯ ಹೆಸರಿಟ್ಟರೆ ಕಟ್ಟುಗಳನ್ನು ಮನೆಯೊಳಗೆ ಬಿಟ್ಟುಕೊಂಡಾಳು ಎಂಬ ಆಸೆ. ಬಿಟ್ಟುಕೊಂಡಳು, ಮಂಚದ ಕೆಳಗೆ.

ತಿಂಗಳೊಳಗೆ ನೋಟಿಸು ಬಂತು. ಮುಂದಿನ ಕೋಣೆಗೆ ವಾಣಿಜ್ಯ ದರವಂತೆ! ಸ್ಟೋರ್ಸಿನ ನನ್ನ ಜೊತೆಗಾರ ಸೆಲ್ವರಾಜ್ ಅದನ್ನು ಓದಿ, “ಏನ್ ಸಾರ್, ಅಂಗಡಿ ಇಟ್ಟಿದ್ದೀರಾ? ಹೇಳಲೇ ಇಲ್ಲ! ಮೊದಲು ರಜೆ ಹಾಕಿ, ಹೋಗಿ ಆಕ್ಷೇಪಣೆ ಕೊಡಿ” ಎಂದ.

ಕಂದಾಯದ ಅಧಿಕಾರಿ ಮೇಡಂ ನನ್ನ ಫಾರಂ ತೆಗೆದು ಮುಂದಿಟ್ಟರು. “ಇದು ನಿಮ್ಮದೇ ಅಕ್ಷರ ತಾನೇ? ನೀವೇ ವಾಸ ಇರೋ ಮನೆಗೆ ದರ ಕಮ್ಮಿ. ವ್ಯಾಪಾರ ಇದ್ರೆ ಆ ಭಾಗಕ್ಕೆ ಜಾಸ್ತಿ.”

“ಇದು ಸಾಹಿತ್ಯ ಸೇವೆ ಮೇಡಂ. ವಿನಾಯಿತಿ ಏನಾದ್ರೂ...”

“ದೇವಸ್ಥಾನಕ್ಕಿದೆ, ಶಾಲೆಗಿದೆ. ಕವಿಗಳಿಗೆ ಕಾಲಂ ಇಲ್ಲ” ಎಂದರು. ಆಮೇಲೆ ನನ್ನ ಮುಖ ನೋಡಿ ಕನಿಕರ ಬಂತೋ ಏನೋ, “ವ್ಯಾಪಾರ ಇಲ್ಲ ಅಂತ ತೋರಿಸಿ. ನಾನೇ ಬಂದು ನೋಡ್ತೀನಿ” ಎಂದರು.

ನನ್ನ ಪೇಚು ಯಾರಿಗೆ ಹೇಳಲಿ? ಅಷ್ಟು ದಿನ ಭದ್ರಾವತಿಯ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಎರಡನೇ ಮುದ್ರಣದ ಯೋಚನೆಯಿದೆ ಎಂದು ಹೇಳಿಕೊಂಡು ತಿರುಗಿದ್ದೆ. ಈಗ ಒಂದೂ ಮಾರಿಲ್ಲವೆಂದು ಸರ್ಕಾರದ ಮುಂದೆ ಸಾಬೀತು ಮಾಡಬೇಕು. ಮೇಡಂ ಮನೆಗೆ ಬಂದು, “ಎಷ್ಟು ಪ್ರತಿ ಹೋಗಿದೆ?” ಎಂದಾಗ ಹಾಳು ನಾಲಿಗೆ, “ತಕ್ಕಮಟ್ಟಿಗೆ ಹೋಗಿದೆ” ಎಂದುಬಿಟ್ಟಿತು.

“ಸುಳ್ಳು ಹೇಳ್ಬೇಡಿ ಮಾರಾಯ್ರೇ” ಎನ್ನುತ್ತಾ ಸುಮಿತ್ರಾ ಸೆರಗು ಸಿಕ್ಕಿಸಿ, ಮಂಚದ ಕೆಳಗಿನಿಂದ ಕಟ್ಟುಗಳನ್ನು ಒಂದೊಂದಾಗಿ ಎಳೆದು ಹಾಕಿದಳು. “ಎಣಿಸ್ಕೊಳ್ಳಿ ಮೇಡಂ. ಐನೂರರಲ್ಲಿ ನಾನೂರ ಅರವತ್ತು ಇಲ್ಲೇ ಇವೆ. ಉಳಿದದ್ದು ಮದುವೆ ಮುಂಜಿಗೆ ಉಡುಗೊರೆ ಕೊಟ್ಟಿದ್ದು. ಆಮೇಲಿಂದ ನೆಂಟರು ಕರೆಯೋದೇ ಕಮ್ಮಿ ಮಾಡಿದ್ದಾರೆ.”

ಮೇಡಂ ಒಂದು ಪ್ರತಿ ಎತ್ತಿಕೊಂಡು, ಧೂಳು ಕೊಡವಿ, ನಿಂತಲ್ಲೇ ಒಂದು ಪುಟ ಓದಿದರು. “ಚೆನ್ನಾಗಿದೆ ರೀ. ಎಷ್ಟು ಇದಕ್ಕೆ?” ಎಂದು ಪರ್ಸ್ ತೆರೆದರು. ನನ್ನ ಜೀವನದ ಮೊದಲ ಗಿರಾಕಿ! ಕೈ ತಾನಾಗಿ ಮುಂದೆ ಹೋಯಿತು.

“ದುಡ್ಡು ಬೇಡ!” ಸುಮಿತ್ರಾ ನಡುವೆ ಬಂದು ನಿಂತಳು. “ತಗೊಂಡ್ರೆ ವ್ಯಾಪಾರ ಆಗ್ಬಿಡತ್ತೆ. ಹಾಗೇ ಇಟ್ಕೊಳ್ಳಿ ಮೇಡಂ.”

“ಹಾಗೇ ಇಟ್ಕೊಂಡ್ರೆ ಲಂಚ ಆಗತ್ತೆ” ಎಂದು ನಗುತ್ತಾ ಮೇಡಂ ಪುಸ್ತಕವನ್ನು ಜೋಪಾನವಾಗಿ ಕಟ್ಟಿನ ಮೇಲೆ ವಾಪಸ್ ಇಟ್ಟರು.

ವಾರದಲ್ಲಿ ಆದೇಶ ಬಂತು. ನಾವು ಗೆದ್ದಿದ್ದೆವು, ಅದೂ ಪೂರ್ತಿಯಾಗಿ! ಸುಮಿತ್ರಾ ಕೇಸರಿಬಾತ್ ಮಾಡಿ ಬೀದಿಗೆಲ್ಲ ಹಂಚಿದಳು. ಸೆಲ್ವರಾಜ್ ಆದೇಶವನ್ನು ಸ್ಟೋರ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಓದಿದ: “ಸ್ಥಳ ಪರಿಶೀಲಿಸಲಾಗಿ, ಸದರಿ ಪುಸ್ತಕಗಳು ಮಾರಾಟವಾದ ಬಗ್ಗೆಯಾಗಲೀ, ಮುಂದೆ ಮಾರಾಟವಾಗುವ ಬಗ್ಗೆಯಾಗಲೀ ಯಾವುದೇ ಕುರುಹು ಕಂಡುಬಂದಿರುವುದಿಲ್ಲ. ಆದ್ದರಿಂದ ಇಡೀ ಕಟ್ಟಡವನ್ನು ಸ್ವಂತ ವಾಸವೆಂದು ಪರಿಗಣಿಸಿದೆ.” ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ನನ್ನ ಕವನ ಸಂಕಲನದ ಬಗ್ಗೆ ಇವತ್ತಿನವರೆಗೂ ಬಂದಿರುವ ಲಿಖಿತ ವಿಮರ್ಶೆ ಅದೊಂದೇ. ಸಹಿಯೂ ಇದೆ, ಮೊಹರೂ ಇದೆ.